ಬೆಳಕಿದ್ದಷ್ಟು ನೀರು

ನಿಡಘಟ್ಟದ ನಮ್ಮ ಹಳೆಯ ಮನೆಯಲ್ಲಿ ದಿನ ಮೊದಲಾಗುತ್ತಿದ್ದುದು ಒಂದು ಚೆಂಬು ನೀರಿನಿಂದ. ಬಾವಿಯಿಂದ ಸೇದಿದ ಮೊದಲ ನೀರನ್ನು ನಮ್ಮವ್ವ ತುಳಸಿಗೆ ಹೊಯ್ದು, ಕಟ್ಟೆಯನ್ನು ಮೂರು ಸುತ್ತು ಬಂದು, ಆಮೇಲೆ ಒಲೆಯ ಬೂದಿಗೆ ಕೈ ಹಾಕುತ್ತಿದ್ದಳು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರು ಸೇರುವ ಮುನ್ನ ಸಿಗುವ ಊರು ನಮ್ಮದು. ಆ ರಸ್ತೆಯನ್ನು ಈಚೆಗೆ ಅಗಲ ಮಾಡಿದಾಗ ಕೆಲಸವನ್ನು ಎರಡಾಗಿ ಹಂಚಿ, ಒಂದು ಭಾಗ ಬೆಂಗಳೂರಿನಿಂದ ನಿಡಘಟ್ಟದವರೆಗೆ, ಇನ್ನೊಂದು ನಿಡಘಟ್ಟದಿಂದ ಮೈಸೂರಿನವರೆಗೆ ಎಂದು ಗೊತ್ತುಮಾಡಿದರು. 2023ರ ಮಾರ್ಚ್ ತಿಂಗಳಲ್ಲಿ ಅದರ ಉದ್ಘಾಟನೆಯೂ ಆಯಿತು. ಒಂದು ದಾರಿ ಮುಗಿದು ಇನ್ನೊಂದು ಮೊದಲಾಗುವ ಸ್ಥಳವೆಂದು ನಮ್ಮೂರಿನ ಹೆಸರು ಹೀಗೆ ಕಾಗದಪತ್ರಗಳನ್ನು ಸೇರಿತು. ನಾನು ಇಂದು ಹೇಳಹೊರಟಿರುವುದೂ ಅಂಥದೊಂದು ಸಂಧಿಸ್ಥಳದ ಕಥೆಯೇ: ಅಂಗಳದ ಗಿಡ ಮುಗಿದು ಕೋಣೆಯ ಗಿಡ ಮೊದಲಾದದ್ದರ ಕಥೆ.

ನಮ್ಮ ತೊಟ್ಟಿಯ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಯಿತು. ಅವ್ವ ನನ್ನೊಡನೆ ಬೆಂಗಳೂರಿಗೆ ಬಂದಳು. ಬರುವಾಗ ಕಟ್ಟೆಯ ತುಳಸಿಯ ಬುಡದಲ್ಲಿ ಹುಟ್ಟಿದ ಒಂದು ಸಸಿಯನ್ನು ಮಣ್ಣಿನ ಸಮೇತ ಕುಂಡಕ್ಕೆ ಹಾಕಿಕೊಂಡು ಮಡಿಲಲ್ಲಿಟ್ಟುಕೊಂಡೇ ಬಂದಳು. ನಮ್ಮದು ಮೊದಲನೆಯ ಮಹಡಿಯ ಬಾಡಿಗೆ ಮನೆ, ಉತ್ತರಕ್ಕೊಂದು ಕಿಟಕಿ, ಕಿಟಕಿಯಿಂದ ಕೈಚಾಚಿದರೆ ಪಕ್ಕದ ಮನೆಯ ಗೋಡೆ. ಆ ಕಿಟಕಿಯ ಕೆಳಗೆ ತುಳಸಿಯ ಪ್ರತಿಷ್ಠೆಯಾಯಿತು. ಬೆಳಗ್ಗೆ ಅವ್ವನ ಚೆಂಬು ತಪ್ಪಲಿಲ್ಲ. ಅತ್ತೆಯ ಗಿಡ ಬಾಡಬಾರದೆಂದು ಸಂಜೆ ನನ್ನ ಹೆಂಡತಿಯೂ ಒಂದು ಲೋಟ ಹೊಯ್ಯುತ್ತಿದ್ದಳು. ತಿಂಗಳು ತುಂಬುವುದರೊಳಗೆ ಎಲೆ ಹಳದಿಯಾಯಿತು, ಉದುರಿತು, ಕಾಂಡದ ಬುಡ ಕಪ್ಪಾಯಿತು. ಊರಿನಿಂದ ಎರಡನೆಯ ಸಸಿ ಬಂತು. ಅದೂ ಹಾಗೆಯೇ ಹೋಯಿತು. "ನನ್ನ ಕೈಗುಣ ಹೋಯ್ತು ಕಣಪ್ಪ" ಎಂದು ಅವ್ವ ಮಂಕಾಗಿ ಕುಳಿತಳು. ತನ್ನ ಮಡಿಯ ಮೇಲೆ ಅತ್ತೆಗೆ ಅನುಮಾನವಿರಬೇಕೆಂದು ಹೆಂಡತಿ ಬೇರೆ ಕೋಣೆಯಲ್ಲಿ ಕಣ್ಣೊರೆಸಿಕೊಂಡಳು. ಇಬ್ಬರೂ ಮಾಡಿದ್ದ ಅಪರಾಧವೆಂದರೆ ನೀರು ಹೊಯ್ದದ್ದು ಮಾತ್ರ.

ಮೂರನೆಯ ಸಸಿಯೂ ತಲೆ ಬಾಗಿಸಿದಾಗ, ನಮ್ಮ ಬೀದಿಯಲ್ಲಿದ್ದ ಒಬ್ಬ ತೋಟದ ಮಾಲಿಯನ್ನು ಕರೆದು ತೋರಿಸಿದೆ. ಆತ ನಮ್ಮ ಕಡೆಯವನೇ. ಗಿಡದ ಮುಖ ನೋಡಲಿಲ್ಲ, ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಮೂಸಿ ನೋಡಿ, ಕಿಟಕಿಯ ಕಡೆ ತಿರುಗಿ ಹೇಳಿದ: "ನೀರು ಬೇಕಾದಂಗದೆ ಕಣವ್ವ, ಬೆಳ್ಕೇ ಸಾಲ್ದು." ಅಷ್ಟೇ ಮಾತು. ಆ ಮಾತಿನ ಬೆನ್ನು ಹತ್ತಿ ನಾನು ಕೆಲವು ವರ್ಷ ಪುಸ್ತಕಗಳಲ್ಲಿ ಅಲೆದೆ. ಮನೆಯೊಳಗಿನ ಗಿಡಕ್ಕೂ ಒಂದು ಚರಿತ್ರೆಯಿದೆ, ನಾವು ಅದಕ್ಕೆ ಮಾಡುವ ತಪ್ಪಿನ ಬೇರು ಆ ಚರಿತ್ರೆಯಲ್ಲಿಯೇ ಇದೆ ಎಂಬುದು ಆಗ ತಿಳಿಯಿತು.

ನೀರೆರೆಯುವ ವಿದ್ಯೆ ನಮ್ಮಲ್ಲಿ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಹೊಸದಾಗಿ ನೆಟ್ಟ ಮರಗಳಿಗೆ ಬೇಸಗೆಯಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ನೀರು ಕೊಡಬೇಕೆಂಬುದು ಅವನ ವಿಧಿ. ಮರಗಳ ನಡುವೆ 20 ಮೊಳ ಅಂತರವಿದ್ದರೆ ಉತ್ತಮ, 16 ಮಧ್ಯಮ, 12 ಅಧಮ ಎಂದೂ ಲೆಕ್ಕ ಹೇಳುತ್ತಾನೆ. ಒಂದನ್ನೊಂದು ಮುಟ್ಟುವಂತೆ ಬೆಳೆದವು ಚೆನ್ನಾಗಿ ಫಲ ಕೊಡಲಾರವು. ಕನ್ನಡದಲ್ಲಿಯೂ ಈ ವಿದ್ಯೆಗೆ ನೆಲೆ ಸಿಕ್ಕಿದೆ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆ, ಸುಗಂಧದ್ರವ್ಯ, ಅಂತರ್ಜಲ ಶೋಧನೆಗಳ ಜೊತೆಗೆ ವೃಕ್ಷಾಯುರ್ವೇದವೂ ಸೇರಿದೆ. ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯ ಪಟ್ಟಿಯಲ್ಲಿ ಗಿಡಮರಗಳ ಆರೈಕೆಗೂ ಸ್ಥಾನವಿತ್ತೆಂಬುದು ಇದರಿಂದ ಸ್ಪಷ್ಟ.

ವರಾಹಮಿಹಿರನ ವಿಧಿಯ ಮೂರನೆಯ ಭಾಗವನ್ನು ಮತ್ತೊಮ್ಮೆ ಗಮನಿಸಬೇಕು: ನೆಲ ಒಣಗಿದಾಗ. ಮೊದಲೆರಡು ವಿಧಿಗಳು ಹೊತ್ತನ್ನು ನೋಡಿ ಹೇಳಿದವು. ಮೂರನೆಯದು ಮಣ್ಣನ್ನು ನೋಡಿ ಹೇಳಿದ್ದು. ಮೋಡ ಕವಿದು ಬಿಸಿಲು ಕುಗ್ಗಿದ ಕಾಲಕ್ಕೆ ಗಡಿಯಾರದ ನಿಯಮ ನಡೆಯದೆಂಬುದನ್ನು ಆತ ಬಲ್ಲ. ಆದರೆ ಅವನ ಮರಗಳೆಲ್ಲ ಬಯಲಿನವು. ಬೆಳಕು ಆಕಾಶದಿಂದ ತಾನೇ ಇಳಿಯುತ್ತಿತ್ತು. ಅದನ್ನು ಅಳೆದು ಕೊಡಬೇಕಾದ ಪ್ರಸಂಗ ಅವನಿಗೆ ಒದಗಲಿಲ್ಲ. ನಮ್ಮವ್ವನ ಚೆಂಬೂ ಇದೇ ಬಯಲಿನ ಪರಂಪರೆಯದು. ಅಂಗಳದ ತುಳಸಿ ದಿನವಿಡೀ ಬಿಸಿಲು ಕುಡಿಯುತ್ತಿತ್ತು. ಬೆಳಗ್ಗೆ ಹೊಯ್ದ ನೀರು ಸಂಜೆಗೆ ಆರುತ್ತಿತ್ತು. ದಿನಕ್ಕೊಂದು ಚೆಂಬು ಎಂಬ ವ್ರತ ಅಲ್ಲಿ ಶಾಸ್ತ್ರಕ್ಕೂ ಸರಿ, ಸಸ್ಯಕ್ಕೂ ಸರಿ.

ತೊಟ್ಟಿಯ ಮನೆಯೆಂದರೆ ಬೆಳಕಿನ ಒಂದು ಏರ್ಪಾಡು ಎಂದು ನನಗೆ ಈಗ ತೋರುತ್ತದೆ. ನಡುವೆ ತೆರೆದ ಆಕಾಶ, ಸುತ್ತ ಹೆಂಚಿನ ಜಗಲಿ. ಬಿಸಿಲು ಮಳೆಗಳೆರಡೂ ಮನೆಯೊಳಕ್ಕೆ ಬರುತ್ತಿದ್ದವು. ಯಾವ ಗಿಡ ಎಲ್ಲಿರಬೇಕೆಂಬುದು ಹೆಂಗಸರಿಗೆ ಹೇಳಿಕೊಡದೆಯೇ ಗೊತ್ತಿತ್ತು. ತುಳಸಿ ಬಿಸಿಲಿಗೆ, ದೊಡ್ಡಪತ್ರೆ ಗೋಡೆಯ ಓರೆಗೆ, ಕೆಸು ಬಚ್ಚಲ ನೀರಿಗೆ. ದೃಷ್ಟಿ ತಾಕದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣೂ ಇಲ್ಲದೆ ನೀರೂ ಇಲ್ಲದೆ ತಿಂಗಳುಗಟ್ಟಲೆ ಹಸುರಾಗಿರುತ್ತಿತ್ತು. ಅದರ ಎಲೆಯೇ ಅದರ ಹಗೇವು. ತನಗೆ ಬೇಕಾದ ನೀರನ್ನು ಅಲ್ಲಿ ಕೂಡಿಟ್ಟುಕೊಂಡಿರುತ್ತದೆ. ಇನ್ನು ನೆರಳು ಬೇಡುವ ಬೆಳೆಯನ್ನು ಸಾಕುವ ಜಾಣತನವೂ ಮೈಸೂರು ಸೀಮೆಗೆ ಹೊಸದಲ್ಲ. ಎಲೆತೋಟಕ್ಕೆ ಹೋದವರು ಕಂಡಿರುತ್ತಾರೆ: ಅಗಸೆಯ ಗಿಡಕ್ಕೆ ವೀಳ್ಯದ ಬಳ್ಳಿಯನ್ನು ಹಬ್ಬಿಸಿ, ಬೇಕಾದಷ್ಟೇ ನೆರಳುಳಿಯುವಂತೆ ಅಗಸೆಯ ಕೊಂಬೆ ಕತ್ತರಿಸಿ, ಸಾಲಿನ ನಡುವೆ ನೀರು ನಿಲ್ಲದಂತೆ ಕಾಲುವೆ ತೋಡಿರುತ್ತಾರೆ. ನೆರಳು, ತೇವ, ಬಸಿತ ಇವು ಮೂರೂ ಕೂಡಿದರೆ ಎಲೆ. ಒಂದು ತಪ್ಪಿದರೆ ಕೊಳೆರೋಗ.

ಗಿಡ ನೀರನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ತಕ್ಕಡಿಯಲ್ಲಿಟ್ಟು ತೂಗಿದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. 1727ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಒಂದು ಸೂರ್ಯಕಾಂತಿ ಗಿಡದ ವೃತ್ತಾಂತ ಬರುತ್ತದೆ. ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಗ್ಗೆ ಸಂಜೆ ಅದನ್ನು ತೂಗಿ, ಎಲೆಗಳ ಮೂಲಕ ಎಷ್ಟು ನೀರು ಗಾಳಿಗೆ ಹೋಯಿತೆಂದು ಆತ ಲೆಕ್ಕ ಹಾಕಿದ. ಒಣಹವೆಯ ಬಿಸಿ ದಿನದಲ್ಲಿ ಗಿಡ ಹೆಚ್ಚು ಬೆವರುತ್ತದೆ, ತಂಪು ದಿನದಲ್ಲಿ ಕಡಿಮೆ, ರಾತ್ರಿಯಲ್ಲಿ ತೀರ ಸ್ವಲ್ಪ. ಐವತ್ತೆರಡು ವರ್ಷಗಳ ಅನಂತರ, 1779ರಲ್ಲಿ, ಇಂಗನ್‌ಹೌಸ್ ಎಂಬ ಡಚ್ ವೈದ್ಯ ಇನ್ನೊಂದು ಅರ್ಧವನ್ನು ಕಂಡುಹಿಡಿದ: ಎಲೆ ಗಾಳಿಯನ್ನು ಶುದ್ಧಿಗೊಳಿಸುವುದು ಬೆಳಕಿನಲ್ಲಿ ಮಾತ್ರ, ಕತ್ತಲಲ್ಲಿ ಅದೂ ನಮ್ಮಂತೆ ಗಾಳಿಯನ್ನು ಕೆಡಿಸುತ್ತದೆ. ಈ ಎರಡನ್ನು ಕೂಡಿಸಿದರೆ ಮಾಲಿಯ ಮಾತಿಗೆ ಭಾಷ್ಯ ದೊರೆಯುತ್ತದೆ. ಬೆಳಕು ಬಿದ್ದಾಗ ಎಲೆಯ ಸೂಕ್ಷ್ಮರಂಧ್ರಗಳು ತೆರೆಯುತ್ತವೆ, ಆಹಾರ ತಯಾರಾಗುತ್ತದೆ, ನೀರು ಆವಿಯಾಗುತ್ತದೆ, ಬೇರು ಹೊಸ ನೀರನ್ನು ಎಳೆಯುತ್ತದೆ. ಬೆಳಕು ಸಾಲದಿದ್ದರೆ ಎಳೆತವೂ ಇಲ್ಲ. ಹೊಯ್ದ ನೀರು ಕುಂಡದಲ್ಲೇ ನಿಲ್ಲುತ್ತದೆ. ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವೆ ಗಾಳಿಯಿರಬೇಕಾದ ಜಾಗದಲ್ಲಿ ನೀರು ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆತ್ತಲಾರದು. ಆದ್ದರಿಂದ ಎಲೆ ಜೋಲುತ್ತದೆ. ಎಲೆ ಜೋತದ್ದನ್ನು ಕಂಡು ನಾವು ಬಾಯಾರಿಕೆಯೆಂದು ತಿಳಿದು ಇನ್ನೊಂದು ಲೋಟ ಹೊಯ್ಯುತ್ತೇವೆ. ನೀರಿನಲ್ಲಿ ಮುಳುಗಿದವನಿಗೆ ನೀರು ಕುಡಿಸುವ ಉಪಚಾರ ಇದು.

ಹಾಗಾದರೆ ಬಯಲಿನ ಗಿಡ ಮನೆಯೊಳಕ್ಕೆ ಬಂದದ್ದು ಹೇಗೆ? ಇದರ ಹಿಂದೆ ಒಂದು ಸೀಸೆಯ ಕಥೆಯಿದೆ. 1829ರಲ್ಲಿ ಲಂಡನ್ನಿನ ಹೊಗೆ ತುಂಬಿದ ಪೂರ್ವಭಾಗದಲ್ಲಿದ್ದ ನೆಥಾನಿಯಲ್ ವಾರ್ಡ್ ಎಂಬ ವೈದ್ಯ, ಪತಂಗದ ಕೋಶವೊಂದನ್ನು ತೇವದ ಮಣ್ಣಿನಲ್ಲಿ ಹುದುಗಿಸಿ ಸೀಸೆಯಲ್ಲಿಟ್ಟು ಮುಚ್ಚಿದ್ದ. ಪತಂಗಕ್ಕಿಂತ ಮೊದಲು ಮಣ್ಣಿನಿಂದ ಒಂದು ಜರಿಗಿಡವೂ ಒಂದು ಹುಲ್ಲಿನ ಎಸಳೂ ತಲೆಯೆತ್ತಿದವು. ಹಗಲು ಆವಿಯಾಗಿ ಏರಿದ ನೀರು ಗಾಜಿಗೆ ತಗುಲಿ, ಹನಿಯಾಗಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಹೊರಗಿನ ಒಂದು ತೊಟ್ಟು ನೀರಿಲ್ಲದೆ ಆ ಗಿಡಗಳು ಹೆಚ್ಚುಕಡಿಮೆ ನಾಲ್ಕು ವರ್ಷ ಬದುಕಿದವು. ಕೊನೆಗೆ ಸತ್ತದ್ದು ಯಾವುದರಿಂದ? ಮುಚ್ಚಳ ತುಕ್ಕು ಹಿಡಿದು ಮಳೆಯ ನೀರು ಒಳಗೆ ಹೊಕ್ಕದ್ದರಿಂದ! ನಮ್ಮ ಮನೆಯ ಮೂರು ತುಳಸಿಗಳ ಹಣೆಬರಹವನ್ನು ಈ ಸೀಸೆ ಎಂದೋ ಅನುಭವಿಸಿತ್ತು.

ವಾರ್ಡನ ಗಾಜಿನ ಪೆಟ್ಟಿಗೆಗಳು 1833ರಲ್ಲಿ ಹಡಗೇರಿ ಸಿಡ್ನಿ ಸೇರಿದವು. ಉಪ್ಪುಗಾಳಿಗೂ ಸಿಹಿನೀರಿನ ಅಭಾವಕ್ಕೂ ಸಿಕ್ಕಿ ಹಡಗಿನಲ್ಲಿ ಸಾಯುತ್ತಿದ್ದ ಸಸಿಗಳು ಆ ಮೇಲೆ ಜೀವಂತವಾಗಿ ಸಾಗರ ದಾಟತೊಡಗಿದವು. ಚೀನದ ಚಹಾ ಹಿಮಾಲಯದ ತಪ್ಪಲಿಗೆ, ದಕ್ಷಿಣ ಅಮೆರಿಕದ ಸಿಂಕೋನ ನೀಲಗಿರಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿ. ಅದೇ ಕಾಲದಲ್ಲಿ ಉಷ್ಣವಲಯದ ಕಾಡುಗಳಿಂದ ಅಲಂಕಾರದ ಗಿಡಗಳೂ ಯೂರೋಪಿಗೆ ಹೋದವು. ದೊಡ್ಡ ಮರಗಳ ಅಡಿಯಲ್ಲಿ, ಸೋಸಿ ಬಂದ ಬೆಳಕಿನಲ್ಲಿ ಬೆಳೆದ ಈ ಗಿಡಗಳಿಗೆ ಅಲ್ಲಿನ ಪಡಸಾಲೆಯ ಮಬ್ಬು ಸಹ್ಯವಾಯಿತು. ಪೂರ್ವ ಏಷ್ಯದ ಆಸ್ಪಿಡಿಸ್ಟ್ರ ಎಂಬ ಗಿಡವಂತೂ ಕತ್ತಲು, ಗ್ಯಾಸ್ ದೀಪದ ಹೊಗೆ, ಯಜಮಾನರ ಅಲಕ್ಷ್ಯ ಎಲ್ಲವನ್ನೂ ಸಹಿಸಿ ಇಂಗ್ಲಿಷ್ ಮಧ್ಯಮವರ್ಗದ ಮರ್ಯಾದೆಯ ಸಂಕೇತವೇ ಆಯಿತು. ಜಾರ್ಜ್ ಆರ್ವೆಲ್ 1936ರ ತನ್ನ ಕಾದಂಬರಿಯ ಹೆಸರಿನಲ್ಲಿ ಅದನ್ನು ಎಳೆತಂದು ಲೇವಡಿ ಮಾಡಿದ್ದಾನೆ.

ಆ ಪದ್ಧತಿ ನಮ್ಮಲ್ಲಿಗೆ ಬಂದ ಹೆಬ್ಬಾಗಿಲು ಲಾಲ್‌ಬಾಗು. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ, ಅವನ ತರುವಾಯ 1874ರಲ್ಲಿ ಜಾನ್ ಕ್ಯಾಮರಾನ್ ಬಂದರು. ಕ್ಯಾಮರಾನನ ಕಾಲದಲ್ಲಿ, 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಸ್ತಿಭಾರ ಹಾಕಿದ. ಯೂರೋಪಿನಲ್ಲಿ ಗಾಜಿನ ಮನೆ ಕಟ್ಟುವುದು ಚಳಿಯಿಂದ ಗಿಡವನ್ನು ಕಾಪಾಡಲು. ಬೆಂಗಳೂರಿಗೆ ಆ ಚಿಂತೆಯಿರಲಿಲ್ಲ. ಇಲ್ಲಿ ಅದು ಪ್ರದರ್ಶನದ ಮಂಟಪವಾಯಿತು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಕಾಲದಲ್ಲಿ, 1912ರಲ್ಲಿ, ಈಗ ಮೈಸೂರು ಉದ್ಯಾನಕಲಾ ಸಂಘವೆನಿಸಿರುವ ಸಂಸ್ಥೆ ಹುಟ್ಟಿತು. ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಹೂವನ್ನು ಕಣ್ಣಲ್ಲಿ ತುಂಬಿಕೊಂಡು, ಕ್ರೋಟನ್ನಿನ ಒಂದು ಕುಂಡವನ್ನು ಕೈಯಲ್ಲಿ ಹಿಡಿದು ಮರಳುವ ಸಂಪ್ರದಾಯ ಬೆಳೆಯಿತು. ಬಂಗಲೆಯ ಮೊಗಸಾಲೆಯಿಂದ ವಕೀಲರ ಮನೆಗೆ, ಅಲ್ಲಿಂದ ಮೇಷ್ಟರ ಮನೆಗೆ, ಕೊನೆಗೆ ನಮ್ಮಂಥವರ ಕಿಟಕಿಗೆ ಕುಂಡ ಇಳಿದು ಬಂತು.

ಬಿ. ಜಿ. ಎಲ್. ಸ್ವಾಮಿಯವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಪುಸ್ತಕ ಬರೆದು ನಮ್ಮ ತಟ್ಟೆಯ ತರಕಾರಿಗಳ ತೌರೂರನ್ನು ತೋರಿಸಿಕೊಟ್ಟರು. ಕಿಟಕಿಯ ವಿಚಾರದಲ್ಲಿ ದಕ್ಷಿಣ ಅಮೆರಿಕ ಒಂದೇ ಸಾಲದು. ಹಾವಿನ ಮೈಯಂತೆ ಪಟ್ಟೆಯಿರುವ ಸ್ನೇಕ್ ಪ್ಲಾಂಟು ಪಶ್ಚಿಮ ಆಫ್ರಿಕದ್ದು. ಬಿಲ್ಲಿನ ಹೆದೆಗೆ ನಾರು ಒದಗಿಸುತ್ತಿದ್ದ ನಮ್ಮ ಮೂರ್ವೆಗೆ ಅದು ದಾಯಾದಿ. ಕ್ರೋಟನ್ನಿನ ತೌರು ಇಂಡೊನೇಷ್ಯದ ಕಡೆಯ ದ್ವೀಪಗಳು. ರಬ್ಬರ್ ಗಿಡ ಅಸ್ಸಾಮಿನ ಕಾಡಿನ ಆಲದ ಬಂಧು. ಹಾರ್ಲಿಕ್ಸ್ ಬಾಟಲಿಯಲ್ಲಿ ಮನೆಮನೆ ಹೊಕ್ಕ ಮನಿ ಪ್ಲಾಂಟಿನ ಊರು ಪೆಸಿಫಿಕ್ ಸಾಗರದ ನಡುವಿನ ಮೋರೆಯ ಎಂಬ ಪುಟ್ಟ ದ್ವೀಪ. 1880ರಲ್ಲಿ ಅದಕ್ಕೆ ಮೊದಲ ಶಾಸ್ತ್ರೀಯ ನಾಮಕರಣವಾಯಿತು. ಆದರೆ ಅದು ಹೂ ಬಿಡುವುದು ಅತ್ಯಪರೂಪ. ಹೂ ನೋಡದೆ ಕುಲ ಗೊತ್ತುಮಾಡಲಾಗದೆ ಸಸ್ಯಶಾಸ್ತ್ರಜ್ಞರು ಅದರ ಹೆಸರನ್ನು ಹಲವು ಸಲ ಬದಲಿಸಿದರು. ಕದ್ದು ತಂದರೆ ಮಾತ್ರ ಐಶ್ವರ್ಯ ತರುತ್ತದೆ ಎಂಬ ನಂಬಿಕೆ ಅದಕ್ಕೆ ನಮ್ಮಲ್ಲಿ ಅಂಟಿಕೊಂಡಿತು. ಕಾಡಿನಲ್ಲಿ ಮರವೇರಿ ಬೆಳಕು ಸಿಕ್ಕಿದಾಗ ಅದರ ಎಲೆ ಮೊರದಷ್ಟಗಲವಾಗಿ ಸೀಳುತ್ತದೆ. ನಮ್ಮ ಕಿಟಕಿಯಲ್ಲಿ ಅದು ವೀಳ್ಯದೆಲೆಯಷ್ಟೇ ಉಳಿಯುವುದು ಅದರ ಸ್ವಭಾವವಲ್ಲ, ನಾವು ಕೊಡುವ ಬೆಳಕಿನ ಅಳತೆ.

ಆ ಅಳತೆಯಲ್ಲಿ ಕಣ್ಣು ನಮ್ಮನ್ನು ವಂಚಿಸುತ್ತದೆ. ಮಧ್ಯಾಹ್ನದ ಬಯಲ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮರದ ನೆರಳಿನಲ್ಲಿ 10,000ದ ಆಸುಪಾಸು. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಒಂದೆರಡು ಸಾವಿರ. ಅದೇ ಕೋಣೆಯ ಎದುರು ಗೋಡೆಯ ಬಳಿ ಕೆಲವು ನೂರು, ಎಷ್ಟೋ ಕಡೆ ಅದೂ ಇಲ್ಲ. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಈ ಅಂತರವನ್ನು ಮರೆಮಾಚುವುದರಿಂದ, ಪತ್ರಿಕೆ ಓದಲು ಸಾಕಾದ ಬೆಳಕು ಗಿಡಕ್ಕೂ ಸಾಕೆಂದು ನಾವು ಭಾವಿಸುತ್ತೇವೆ. ಓದುವುದು ಬೇರೆ, ಉಣ್ಣುವುದು ಬೇರೆ. ಗಿಡಕ್ಕೆ ಬೆಳಕು ಊಟ.

ಇಂಗ್ಲಿಷ್ ಪುಸ್ತಕಗಳನ್ನು ನಂಬಿಯೂ ಮೋಸಹೋಗುವುದುಂಟು. ದಕ್ಷಿಣದ ಕಿಟಕಿಯೇ ಶ್ರೇಷ್ಠ, ಉತ್ತರದಲ್ಲಿ ಬಿಸಿಲೇ ಬೀಳದು ಎಂದು ಅವು ಹೇಳುತ್ತವೆ. ಅದು 51 ಡಿಗ್ರಿ ಅಕ್ಷಾಂಶದ ಲಂಡನ್ನಿನ ಮಾತು. ನಿಡಘಟ್ಟವಿರುವುದು ಸುಮಾರು 12.5 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಡುಹಗಲು ನಮ್ಮ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮಧ್ಯಭಾಗದವರೆಗೆ ಉತ್ತರಕ್ಕೇ ಇರುತ್ತಾನೆ. ಎದುರಿಗೆ ಗೋಡೆಯಿಲ್ಲದಿದ್ದರೆ ಆ ತಿಂಗಳುಗಳಲ್ಲಿ ನಮ್ಮ ಉತ್ತರದ ಕಿಟಕಿಗೂ ಬಿಸಿಲಿನ ಪಾಲುಂಟು. ದಕ್ಷಿಣದ ಕಿಟಕಿ ತಂಪಾಗುತ್ತದೆ. ವರ್ಷಪೂರ್ತಿ ನೆಚ್ಚಬಹುದಾದದ್ದು ಪೂರ್ವದ ಎಳೆಬಿಸಿಲು. ಪಶ್ಚಿಮದ ಇಳಿಬಿಸಿಲು ಬೇಸಗೆಯಲ್ಲಿ ಮೆತ್ತನೆಯ ಎಲೆಗಳನ್ನು ಸುಡುತ್ತದೆ.

ನೀರು ಹೆಚ್ಚಾದರೆ ಆಗುವ ಕೇಡನ್ನು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆ ಮುಗಿದು, 1930ರ ದಶಕದಲ್ಲಿ ನಾಲೆಯ ನೀರು ಹರಿದಾಗ ಬರಡು ಸೀಮೆಯಲ್ಲಿ ಭತ್ತ ಕಬ್ಬುಗಳು ತಲೆಯೆತ್ತಿದವು, ಬದುಕು ಹಸನಾಯಿತು. ಆದರೆ ನೀರು ಬಂದದ್ದು ಹೊರಟುಹೋಗಲು ದಾರಿಯಿಲ್ಲದ ತಗ್ಗಿನ ಗದ್ದೆಗಳು ಜೌಗು ಹಿಡಿದವು, ಉಪ್ಪು ಮೇಲೇರಿ ಚೌಳಾದವು. ನಾಲೆಯಷ್ಟೇ ಬಸಿಗಾಲುವೆಯೂ ಮುಖ್ಯ ಎಂಬ ಪಾಠವನ್ನು ರೈತ ಬೆಲೆ ತೆತ್ತು ಕಲಿತ. ತಳದಲ್ಲಿ ತೂತಿಲ್ಲದ ಕುಂಡ ಬಸಿಗಾಲುವೆಯಿಲ್ಲದ ಗದ್ದೆ. ಮಣ್ಣಿನ ಕುಂಡವಾದರೋ ನೀರಿನ ಹೂಜಿಯಂತೆ ಮೈಯೆಲ್ಲ ಬೆವರಿ ಸ್ವಲ್ಪ ಹಗುರಾಗುತ್ತದೆ. ಪ್ಲಾಸ್ಟಿಕ್ಕಿಗೆ ಆ ಗುಣವೂ ಇಲ್ಲ. ಅದರಲ್ಲಿ ನೆಟ್ಟ ಗಿಡಕ್ಕೆ ಇನ್ನಷ್ಟು ಅಂತರ ಬಿಟ್ಟು ನೀರೆರೆಯಬೇಕು.

ಇಷ್ಟು ಚರಿತ್ರೆಯಿಂದ ಗೃಹಕೃತ್ಯಕ್ಕೆ ದಕ್ಕುವುದು ಸ್ವಲ್ಪವೇ. ತುಳಸಿ, ದೊಡ್ಡಪತ್ರೆ, ಲೋಳೆಸರ ಬಯಲಿನ ಸಂತಾನ. ದಿನಕ್ಕೆ ನಾಲ್ಕಾರು ಗಂಟೆ ಬಿಸಿಲಿಲ್ಲದ ಕಡೆ ತುಳಸಿಯನ್ನಿಡುವುದು ಭಕ್ತಿಯಾಗಲಾರದು. ಕ್ರೋಟನ್ನಿಗೆ ಪ್ರಖರ ಬೆಳಕು ಸಿಕ್ಕಿದರೆ ಬಣ್ಣ, ಇಲ್ಲದಿದ್ದರೆ ಬರಿಯ ಹಸುರು. ಮನಿ ಪ್ಲಾಂಟು ಕಿಟಕಿಯ ಪಕ್ಕದಲ್ಲಿ ಸುಖಿ. ಮೇಲಿನ ಮಣ್ಣು ಒಂದಂಗುಲ ಒಣಗಿದ ಮೇಲೆ ಅದಕ್ಕೆ ನೀರು. ಜರಿಗಿಡಕ್ಕೆ ನೆರಳೂ ಬೇಕು, ತೇವವೂ ಆರಬಾರದು. ಸ್ನೇಕ್ ಪ್ಲಾಂಟಿಗೆ ಎರಡು ಮೂರು ವಾರಕ್ಕೊಮ್ಮೆ ನೀರು ಸಾಕು. ಅದನ್ನು ಮರೆಯುವವರ ಕೈಯಲ್ಲೇ ಅದು ಚೆನ್ನಾಗಿ ಬಾಳುತ್ತದೆ. ಎರೆಯುವಾಗ ತಳದಿಂದ ಹೊರಬರುವಷ್ಟು ಎರೆದು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಬೇಕು. ಉಳಿದದ್ದಕ್ಕೆ ಮಾಲಿಯ ಬೆರಳಿದೆ.

ನಮ್ಮ ತುಳಸಿಯ ಕುಂಡ ಕೊನೆಗೆ ತಾರಸಿ ಏರಿತು. ಅವ್ವನಿಗೆ ಮೆಟ್ಟಿಲು ಹತ್ತಲು ಮೊಣಕಾಲು ಬಿಡುತ್ತಿರಲಿಲ್ಲ. ಬೆಳಗಿನ ಚೆಂಬನ್ನು ಅವಳು ಕಣ್ಣಿಗೊತ್ತಿಕೊಂಡು ಸೊಸೆಯ ಕೈಗೆ ಕೊಡುತ್ತಿದ್ದಳು; ಸೊಸೆ ಮೇಲೆ ಹೋಗಿ ಎರೆದು ಬಂದು, ಹೊಸದಾಗಿ ಎಷ್ಟು ಕುಡಿಯೊಡೆದಿದೆ ಎಂದು ಅತ್ತೆಗೆ ವರದಿ ಒಪ್ಪಿಸುತ್ತಿದ್ದಳು. ಕಿಟಕಿ ಬರಿದಾಗಿರಬಾರದೆಂದು ಅಲ್ಲೊಂದು ಮನಿ ಪ್ಲಾಂಟು ತಂದಿಟ್ಟೆವು. ಅದು ದೇವರೂ ಅಲ್ಲ, ಮದ್ದೂ ಅಲ್ಲವೆಂದು ಅವ್ವ ಮೊದಮೊದಲು ಅದರತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ದಿನ ನೋಡುತ್ತೇನೆ, ಸ್ನಾನ ಮುಗಿಸಿ ಬಂದವಳು ಕಿಟಕಿಯ ಬಳಿ ನಿಂತು ಸುಕ್ಕುಗಟ್ಟಿದ ತೋರುಬೆರಳನ್ನು ಮೆಲ್ಲನೆ ಮಣ್ಣಿಗಿಳಿಸಿದ್ದಾಳೆ. "ಇವತ್ತು ಬ್ಯಾಡ ಅಂತದೆ ಕಣಪ್ಪ" ಎಂದು ಬೆರಳನ್ನು ಸೆರಗಿಗೊರೆಸಿಕೊಂಡು ಒಳಗೆ ಹೋದಳು. ಅವ್ವ ಹೋಗಿ ವರ್ಷಗಳಾದವು. ಬೆರಳಿಳಿಸಿ ನೋಡುವ ಕೆಲಸ ಈಗ ನನ್ನದು.